ಸೈಕಾಲಜಿ ಪಿಎಚ್‌ಡಿಗೆ ಎರಡನೇ ಸಲ ಅರ್ಜಿ ಹಾಕುತ್ತಿದ್ದೇನೆ, ಹೋದ ಸಲ ಎಡವಿದ್ದು ಎಲ್ಲಿ?

ತುಂಬೆಹೂ · ಆಗಸ್ಟ್ 18

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಮೆರಿಕದ 11 ಕ್ಲಿನಿಕಲ್ ಸೈಕಾಲಜಿ ಪಿಎಚ್‌ಡಿ ಪ್ರೋಗ್ರಾಂಗಳಿಗೆ ಅರ್ಜಿ ಹಾಕಿದ್ದೆ. ಒಂದು ಕಡೆಯಿಂದಲೂ ಇಂಟರ್‌ವ್ಯೂಗೆ ಕರೆ ಬರಲಿಲ್ಲ. ಅಂಕಗಳು ಚೆನ್ನಾಗಿವೆ. ಎರಡು ವರ್ಷದಿಂದ ಒಂದು ಲ್ಯಾಬ್‌ನಲ್ಲಿ ರಿಸರ್ಚ್ ಅಸಿಸ್ಟೆಂಟ್ ಆಗಿದ್ದೇನೆ. ತುಂಬಾ ಆತಂಕ ಪಡುವ ಮಕ್ಕಳು ಮತ್ತು ಅವರ ತಂದೆ ತಾಯಿಯ ವಿಡಿಯೊ ನೋಡಿ ಕೋಡಿಂಗ್ ಮಾಡುವುದು, ಅಂದರೆ ಯಾರು ಏನು ಮಾಡಿದರು ಅಂತ ಹಾಳೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ.

ಈ ಸಲ ಮತ್ತೆ ಹಾಕಬೇಕು. ಆದರೆ ಯಾವ ದಾರಿ ಅಂತಲೇ ತಿಳಿಯುತ್ತಿಲ್ಲ. ಒಬ್ಬರು ಸೈಡಿ (PsyD, ರಿಸರ್ಚ್‌ಗಿಂತ ಚಿಕಿತ್ಸೆಗೆ ಒತ್ತು ಕೊಡುವ ಡಾಕ್ಟರೇಟ್) ಮಾಡು ಅಂತಾರೆ. ಇನ್ನೊಬ್ಬರು ಕೌನ್ಸೆಲಿಂಗ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಬೇಗ ಕೆಲಸಕ್ಕೆ ಸೇರು ಅಂತಾರೆ. ನನಗೆ ಮಕ್ಕಳಿಗೆ ಥೆರಪಿ ಕೊಡುವ ಆಸೆ ಇದೆ. ರಿಸರ್ಚ್ ಕೂಡ ಇಷ್ಟ. ಹೋದ ಸಲ ಎಲ್ಲ ಕಡೆಗೂ ಒಂದೇ ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪ್ರಬಂಧ) ಕಳಿಸಿದ್ದೆ, ಕೊನೆಯ ಪ್ಯಾರಾದಲ್ಲಿ ಯೂನಿವರ್ಸಿಟಿ ಹೆಸರು ಮಾತ್ರ ಬದಲಿಸಿ. ಎಡವಿದ್ದು ಅಲ್ಲೇನಾ?

ಹೊಂಗೆನೆರಳು · ಆಗಸ್ಟ್ 18

ಅಲ್ಲೂ ಹೌದು. ಆದರೆ ಅದಕ್ಕೂ ಮೊದಲು ಇನ್ನೊಂದು ಕಡೆ ಎಡವಿದ್ದೀರಿ ಅನ್ನಿಸುತ್ತದೆ. ನಾನು ಕ್ಲಿನಿಕಲ್ ಪಿಎಚ್‌ಡಿ ಮುಗಿಸಿ ಈಗ ಪಾಠ ಮಾಡುತ್ತೇನೆ. ವರ್ಷಾ ವರ್ಷ ಅರ್ಜಿ ಓದುವ ಸಮಿತಿಯಲ್ಲಿ ಕೂರುತ್ತೇನೆ. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಡಿಗ್ರಿ ಹೆಸರು ಪಕ್ಕಕ್ಕಿಡಿ. ಹತ್ತು ವರ್ಷ ಆದ ಮೇಲೆ ಯಾವುದೋ ಒಂದು ಮಂಗಳವಾರ ನೀವು ಏನು ಮಾಡುತ್ತಿರಬೇಕು? ಬೆಳಿಗ್ಗೆಯಿಂದ ಸಂಜೆವರೆಗೂ ಮಕ್ಕಳನ್ನು ನೋಡುತ್ತಾ? ಅರ್ಧ ದಿನ ಮಕ್ಕಳು, ಅರ್ಧ ದಿನ ಡೇಟಾ? ಇಲ್ಲಾ ಪಾಠ, ಡೇಟಾ, ಬರವಣಿಗೆ ಅಷ್ಟೇನಾ? ಇದಕ್ಕೆ ಉತ್ತರ ಸಿಕ್ಕರೆ ಡಿಗ್ರಿ ಯಾವುದು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ದಿನವಿಡೀ ಥೆರಪಿ ಅಂತಾದರೆ ಆರೇಳು ವರ್ಷದ ಪಿಎಚ್‌ಡಿ ಬೇಕೇ ಬೇಕು ಅಂತೇನಿಲ್ಲ. ಕೇಕ್ರೆಪ್ (ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಕೌನ್ಸೆಲಿಂಗ್ ಮಾಸ್ಟರ್ಸ್ 60 ಕ್ರೆಡಿಟ್‌ನದು. ಅದರಲ್ಲಿ 100 ಗಂಟೆ ಪ್ರಾಕ್ಟಿಕಮ್ (ಓದುತ್ತಲೇ ಮಾಡುವ ಥೆರಪಿ ಅಭ್ಯಾಸ), 600 ಗಂಟೆ ಇಂಟರ್ನ್‌ಶಿಪ್ ಇರುತ್ತದೆ. ಆಮೇಲೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಒಂದಷ್ಟು ಕಾಲ ಕೆಲಸ ಮಾಡಿದರೆ ರಾಜ್ಯದ ಲೈಸೆನ್ಸ್ ಸಿಗುತ್ತದೆ. ಶಾಲೆಯೊಳಗೇ ಮಕ್ಕಳ ಜೊತೆ ಇರಬೇಕು ಅನ್ನುವವರಿಗೆ ಸ್ಕೂಲ್ ಸೈಕಾಲಜಿಯ ಸ್ಪೆಷಲಿಸ್ಟ್ ಡಿಗ್ರಿ ಇದೆ, 1,200 ಗಂಟೆಯ ಇಂಟರ್ನ್‌ಶಿಪ್ ಜೊತೆ. ಇವೆರಡೂ ಒಳ್ಳೆಯ ದಾರಿಗಳು. ಪಿಎಚ್‌ಡಿ ಸಿಗದವರು ಹಿಡಿಯುವ ದಾರಿ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ. ಆದರೆ ಸ್ವತಂತ್ರವಾಗಿ 'ಸೈಕಾಲಜಿಸ್ಟ್' ಅಂತ ಬೋರ್ಡ್ ಹಾಕಿಕೊಳ್ಳಲು ಬಹುತೇಕ ರಾಜ್ಯಗಳಲ್ಲಿ ಡಾಕ್ಟರೇಟ್ ಬೇಕು.

ಅರ್ಧ ಅರ್ಧ ಅಂತಾದರೆ ಕ್ಲಿನಿಕಲ್ ಪಿಎಚ್‌ಡಿ. ಇದರ ಮಾದರಿ ಗಟ್ಟಿಯಾಗಿದ್ದು 1949ರಲ್ಲಿ, ಕೊಲೊರಾಡೊದ ಬೋಲ್ಡರ್‌ನಲ್ಲಿ ನಡೆದ ಸಮ್ಮೇಳನದಲ್ಲಿ. ಚಿಕಿತ್ಸೆ ಕೊಡುವವರು ವಿಜ್ಞಾನಿಯೂ ಆಗಿರಬೇಕು ಅನ್ನುವುದು ಅಲ್ಲಿನ ತೀರ್ಮಾನ. ಎಲ್ಲರಿಗೂ ಅಷ್ಟು ರಿಸರ್ಚ್ ಯಾಕೆ ಅನ್ನುವ ಮಾತು ಎದ್ದು, 1968ರಲ್ಲಿ ಇಲಿನಾಯ್ ಯೂನಿವರ್ಸಿಟಿ ಸೈಡಿ ಶುರು ಮಾಡಿತು. 1973ರಲ್ಲಿ ವೇಲ್ ಅನ್ನುವ ಊರಲ್ಲಿ ನಡೆದ ಸಮ್ಮೇಳನ ಅದಕ್ಕೆ ಬೆಂಬಲ ಕೊಟ್ಟಿತು. ಹಳೇ ಕಥೆ ಯಾಕೆ ಹೇಳಿದೆ ಅಂದರೆ, ಪಿಎಚ್‌ಡಿ ಸಮಿತಿಯವರು ಇವತ್ತಿಗೂ ಬೋಲ್ಡರ್‌ನ ಕಣ್ಣಿಂದಲೇ ಅರ್ಜಿ ಓದುತ್ತಾರೆ. 'ಜನರಿಗೆ ನೆರವಾಗುವ ಆಸೆ' ಎಲ್ಲ ಅರ್ಜಿಯಲ್ಲೂ ಇರುತ್ತದೆ. ನಾವು ಹುಡುಕುವುದು ಒಂದು ಪ್ರಶ್ನೆಯನ್ನು. ಈ ಹುಡುಗಿಯ ತಲೆಯಲ್ಲಿ ಐದು ವರ್ಷ ಕೊರೆಯುವಂಥ ಪ್ರಶ್ನೆ ಇದೆಯಾ ಅಂತ.

ಮತ್ತೊಂದು. ಹೆಚ್ಚಿನ ಕ್ಲಿನಿಕಲ್ ಪಿಎಚ್‌ಡಿಗಳಲ್ಲಿ ನೀವು ಸೇರುವುದು ಒಬ್ಬ ಪ್ರೊಫೆಸರ್ ಲ್ಯಾಬ್‌ಗೆ. ಆ 11 ಕಡೆ ನೀವು ಹೆಸರಿಸಿದ ಪ್ರೊಫೆಸರ್‌ಗಳು ಹೋದ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದರಾ? ನೋಡಿದ್ದಿರಾ?

ತುಂಬೆಹೂ · ಆಗಸ್ಟ್ 19

ಈಗ ಕೂತು ನೋಡಿದೆ ಅಕ್ಕ. ನಾಲ್ಕು ಜನ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಇಬ್ಬರು ಮಕ್ಕಳ ಕೆಲಸ ಬಿಟ್ಟು ಹಿರಿಯರ ಖಿನ್ನತೆ ಕಡೆ ಹೋಗಿ ವರ್ಷಗಳಾಗಿವೆ. ಅಂದರೆ ಆರು ಅರ್ಜಿ ಕಳಿಸುವಾಗಲೇ ಮುಗಿದಿತ್ತು.

ನನ್ನ ಮಂಗಳವಾರ ಅರ್ಧ ಅರ್ಧ.

ಕಡಲತಡಿ · ಆಗಸ್ಟ್ 19

ನಾನು ಸೈಡಿ ನಾಲ್ಕನೇ ವರ್ಷದಲ್ಲಿದ್ದೇನೆ. ಪೂರ್ತಿ ಮನಸ್ಸಿಟ್ಟು ಆರಿಸಿದ ದಾರಿ ಇದು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುತ್ತೇನೆ, ಆ ಮೂರು ದಿನಕ್ಕೋಸ್ಕರ ಮಿಕ್ಕಿದ್ದೆಲ್ಲ ಮಾಡುತ್ತೇನೆ.

ಆದರೆ ಖರ್ಚಿನ ವಿಷಯ ಮುಚ್ಚಿಡಬಾರದು. ಪಿಎಚ್‌ಡಿಯಲ್ಲಿ ಸಾಮಾನ್ಯವಾಗಿ ಫೀಸ್ ಮಾಫಿ ಆಗಿ ತಿಂಗಳ ಸ್ಟೈಪೆಂಡ್ ಬರುತ್ತದೆ. ಸೈಡಿಯಲ್ಲಿ ಹೆಚ್ಚಿನವರು ಕೈಯಿಂದಲೇ ಕಟ್ಟಬೇಕು, ಸಾಲ ಮಾಡಬೇಕು. ಸೈಡಿಗಳಲ್ಲೂ ತುಂಬಾ ವ್ಯತ್ಯಾಸ ಇದೆ. ಕೆಲವು ಕಡೆ ಎಂಟು ಹತ್ತು ಜನರ ಬ್ಯಾಚ್, ಕೆಲವು ಕಡೆ ಅದರ ಎಷ್ಟೋ ಪಟ್ಟು. ದೊಡ್ಡ ಬ್ಯಾಚ್‌ನಲ್ಲಿ ಪ್ರಾಕ್ಟಿಕಮ್ ಜಾಗಕ್ಕೆ ನಮ್ಮ ನಮ್ಮಲ್ಲೇ ಪೈಪೋಟಿ.

ಇದನ್ನೆಲ್ಲ ಊಹಿಸಬೇಕಾಗಿಲ್ಲ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾನ್ಯತೆ ಇರುವ ಪ್ರತಿ ಡಾಕ್ಟರೇಟ್ ಪ್ರೋಗ್ರಾಂ ತನ್ನ ವೆಬ್‌ಸೈಟ್‌ನಲ್ಲಿ ಒಂದು ಪುಟ ಹಾಕಲೇಬೇಕು. ಮುಗಿಸಲು ಎಷ್ಟು ವರ್ಷ ಹಿಡಿಯಿತು, ಖರ್ಚೆಷ್ಟು, ಎಷ್ಟು ಜನಕ್ಕೆ ಮಾನ್ಯತೆ ಇರುವ ಇಂಟರ್ನ್‌ಶಿಪ್ ಸಿಕ್ಕಿತು, ಎಷ್ಟು ಜನ ನಡುವೆ ಬಿಟ್ಟು ಹೋದರು, ಎಷ್ಟು ಜನ ಲೈಸೆನ್ಸ್ ಪಡೆದರು, ಎಲ್ಲ ಅಲ್ಲಿರುತ್ತದೆ. ಬಣ್ಣದ ಫೋಟೊಗಳಿರುವ ಪುಟ ಬಿಟ್ಟು ಮೊದಲು ಇದನ್ನು ತೆಗೆಯಿರಿ. ಎಲ್ಲಕ್ಕಿಂತ ಮೊದಲು ನಾನು ನೋಡುವುದು ಬಿಟ್ಟು ಹೋದವರ ಸಾಲನ್ನು. ಒಂದು ಬ್ಯಾಚ್‌ನಲ್ಲಿ ಒಬ್ಬರು ಬಿಟ್ಟರೆ ಅದು ಅವರ ಬದುಕಿನ ಕಾರಣ ಇರಬಹುದು. ವರ್ಷವೂ ಮೂರು ನಾಲ್ಕು ಜನ ಬಿಡುತ್ತಿದ್ದರೆ ಅಲ್ಲೇನೋ ಇದೆ.

ಇಬ್ಬನಿ · ಆಗಸ್ಟ್ 20

ನಾನು ಡೆವಲಪ್‌ಮೆಂಟಲ್ ಸೈಕಾಲಜಿ ಪಿಎಚ್‌ಡಿ ಮುಗಿಸಿದವನು. ಮಕ್ಕಳ ಆತಂಕದ ಬಗ್ಗೆ ರಿಸರ್ಚ್ ಮಾತ್ರ ಸಾಕು ಅಂದಿದ್ದರೆ ನಮ್ಮ ಕಡೆ ಬನ್ನಿ ಅನ್ನುತ್ತಿದ್ದೆ. ಕ್ಲಿನಿಕಲ್‌ನಷ್ಟು ನೂಕುನುಗ್ಗಲು ಇಲ್ಲ. ಆದರೆ ಒಂದು ಮಾತು ನೆನಪಿರಲಿ. ಡೆವಲಪ್‌ಮೆಂಟಲ್, ಸೋಷಿಯಲ್, ಕಾಗ್ನಿಟಿವ್ ಪಿಎಚ್‌ಡಿ ಮಾಡಿ ಆಮೇಲೆ ಥೆರಪಿ ಲೈಸೆನ್ಸ್ ಪಡೆಯಬಹುದು ಅಂದುಕೊಂಡು ಬರುವವರು ಇದ್ದಾರೆ. ಆಗುವುದಿಲ್ಲ. ಕ್ಲಿನಿಕಲ್, ಕೌನ್ಸೆಲಿಂಗ್, ಸ್ಕೂಲ್ ಈ ಮೂರೇ ಆ ಕಡೆ ಹೋಗುವ ಬಾಗಿಲು.

ಏಣಿಮೆಟ್ಟಿಲು · ಆಗಸ್ಟ್ 20

ಇದೇ ಎಳೆಯನ್ನು ಓದುತ್ತಿರುವ ಬೇರೆಯವರಿಗೆ: ಕಂಪನಿಗಳಲ್ಲಿ ನೇಮಕಾತಿ, ತರಬೇತಿ, ಉದ್ಯೋಗಿಗಳ ಸಾಮರ್ಥ್ಯದ ಅಳತೆ ಇಂಥ ಕೆಲಸ ಇಷ್ಟ ಇದ್ದರೆ ಇಂಡಸ್ಟ್ರಿಯಲ್ ಆರ್ಗನೈಸೇಷನಲ್ ಸೈಕಾಲಜಿ ನೋಡಿ. ಅಲ್ಲಿ ಮಾಸ್ಟರ್ಸ್‌ಗೇ ಕೆಲಸ ಸಿಗುತ್ತದೆ, ನನಗೆ ಸಿಕ್ಕಿದೆ. ಅಂಕಿಅಂಶ ಚೆನ್ನಾಗಿ ಕಲಿತಿರಬೇಕು, ಅಷ್ಟೇ.

ತುಂಬೆಹೂ · ಸೆಪ್ಟೆಂಬರ್ 27

ಹೊಸ ಪಟ್ಟಿ ಮಾಡಿದ್ದೇನೆ. ಈ ಸಲ ಯೂನಿವರ್ಸಿಟಿಯಿಂದ ಶುರು ಮಾಡಲಿಲ್ಲ. ನನ್ನ ಲ್ಯಾಬ್‌ನಲ್ಲಿ ಪದೇ ಪದೇ ಓದುವ ಪೇಪರ್‌ಗಳನ್ನು ಯಾರು ಬರೆದಿದ್ದಾರೆ, ಅವರ ವಿದ್ಯಾರ್ಥಿಗಳು ಈಗ ಎಲ್ಲಿ ಲ್ಯಾಬ್ ಇಟ್ಟಿದ್ದಾರೆ ಅಂತ ಹುಡುಕುತ್ತಾ ಹೋದೆ. 13 ಜನ ಸಿಕ್ಕರು. 9 ಜನ ಈ ವರ್ಷ ತೆಗೆದುಕೊಳ್ಳುತ್ತಾರೆ.

ಸ್ಟೇಟ್‌ಮೆಂಟ್‌ನ ಮೊದಲ ಸಾಲುಗಳು ಹೀಗಿವೆ, ನೋಡಿ ಹೇಳಿ: 'ಚಿಕ್ಕಂದಿನಿಂದಲೂ ಮನುಷ್ಯರ ಮನಸ್ಸು ನನಗೆ ಕುತೂಹಲದ ವಿಷಯ. ನಾನೇ ಆತಂಕದಿಂದ ತುಂಬಾ ನರಳಿದ್ದೇನೆ. ಆ ನೋವು ಬೇರೆ ಮಕ್ಕಳಿಗೆ ಬರಬಾರದು ಅನ್ನುವುದೇ ನನ್ನ ಜೀವನದ ಗುರಿ.'

ಹೊಂಗೆನೆರಳು · ಸೆಪ್ಟೆಂಬರ್ 27

ಇದನ್ನು ತೆಗೆಯಿರಿ. ನಿಮ್ಮ ನೋವು ಸುಳ್ಳು ಅಂತಲ್ಲ, ಅದನ್ನು ಕೇಳುವ ಜಾಗ ಇದಲ್ಲ. 2006ರಲ್ಲಿ ಡ್ರೂ ಆಪಲ್‌ಬಿ ಮತ್ತು ಕ್ಯಾರೆನ್ ಆಪಲ್‌ಬಿ ಸೈಕಾಲಜಿ ವಿಭಾಗಗಳ ಪ್ರವೇಶ ಸಮಿತಿಗಳನ್ನೇ ಕೇಳಿದ್ದರು, ಅರ್ಜಿಯನ್ನು ಕೆಡಿಸುವುದು ಏನು ಅಂತ. ಬಂದ ಉತ್ತರಗಳಲ್ಲಿ ಒಂದು ಇದೇ: ತನ್ನ ಮಾನಸಿಕ ತೊಂದರೆಯ ವಿವರಗಳನ್ನು ಸ್ಟೇಟ್‌ಮೆಂಟ್‌ನಲ್ಲಿ ತುಂಬುವುದು. ಕಷ್ಟ ಕಂಡವರು ನಮಗೆ ಬೇಡ ಅಂತಲ್ಲವೇ ಅಲ್ಲ. ನಾನೂ ಕಂಡಿದ್ದೇನೆ. ಆದರೆ ಇರುವ ಎರಡು ಪುಟದಲ್ಲಿ ನೀವು ರಿಸರ್ಚ್ ಮಾಡಬಲ್ಲಿರಿ ಅನ್ನುವುದನ್ನು ತೋರಿಸಬೇಕು.

ಒಂದು ಕೆಲಸ ಮಾಡಿ. ಕಳೆದ ಎರಡು ವರ್ಷದಲ್ಲಿ ನೋಡಿದ ವಿಡಿಯೊಗಳಲ್ಲಿ ತಲೆಯಿಂದ ಹೋಗದೆ ಉಳಿದಿದ್ದು ಯಾವುದು? ಅದನ್ನು ಇಲ್ಲೇ ಬರೆಯಿರಿ. ಸ್ಟೇಟ್‌ಮೆಂಟ್ ಅಂತ ಬರೆಯಬೇಡಿ, ನನಗೆ ಹೇಳುವ ಹಾಗೆ ಬರೆಯಿರಿ.

ತುಂಬೆಹೂ · ಸೆಪ್ಟೆಂಬರ್ 28

ಒಂದು ಇದೆ ಅಕ್ಕ. ಏಳು ವರ್ಷದ ಹುಡುಗ. ರೂಮಿಗೆ ಹೊಸಬರೊಬ್ಬರು ಬಂದು ಅವನ ಹೆಸರು ಕೇಳುತ್ತಾರೆ. ಅವನು ಬಾಯಿ ತೆರೆಯುತ್ತಾನೆ, ತುಟಿ ಅಲ್ಲಾಡುತ್ತದೆ. ಅಷ್ಟರಲ್ಲಿ ಅಮ್ಮ ಹೆಸರು ಹೇಳಿಬಿಡುತ್ತಾರೆ. ಅವನು ಬಾಯಿ ಮುಚ್ಚಿ ಅಮ್ಮನ ಕಡೆ ಸರಿಯುತ್ತಾನೆ. ನಮ್ಮ ಕೋಡಿಂಗ್ ಹಾಳೆಯಲ್ಲಿ ಇದಕ್ಕೆ 'ಮಗು ಉತ್ತರಿಸಲಿಲ್ಲ' ಅಂತ ಗುರುತು ಹಾಕಬೇಕು. ಹಾಕುವಾಗ ಸಂಕಟ ಆಯಿತು. ಅವನು ಉತ್ತರಿಸಲು ಹೊರಟಿದ್ದ. ನಾನು ಆ ವಿಡಿಯೊ ಹಿಂದೆ ಮುಂದೆ ಮಾಡಿ ಅಳೆದೆ, ಎರಡು ಸೆಕೆಂಡ್ ಕೂಡ ಇಲ್ಲ. ಆಮೇಲಿಂದ ಬೇರೆ ವಿಡಿಯೊಗಳಲ್ಲೂ ಆ ಸೆಕೆಂಡ್‌ಗಳನ್ನೇ ನೋಡುತ್ತಿದ್ದೇನೆ. ಅಮ್ಮ ಅಪ್ಪ ಎಷ್ಟು ಹೊತ್ತು ಕಾದರೆ ಮಗು ಮಾತಾಡುತ್ತದೆ? ಕಾಯುವುದನ್ನು ಅವರಿಗೆ ಕಲಿಸಬಹುದಾ?

ಹೊಂಗೆನೆರಳು · ಸೆಪ್ಟೆಂಬರ್ 28

ಇದೇ ನಿಮ್ಮ ಸ್ಟೇಟ್‌ಮೆಂಟ್. ಇದರಿಂದಲೇ ಶುರು ಮಾಡಿ. ಮಗುವಿನ ಭಯಕ್ಕೆ ತಕ್ಕ ಹಾಗೆ ಮನೆಯವರು ನಡೆದುಕೊಳ್ಳುವುದು, ಮಗುವಿನ ಬದಲು ತಾವೇ ಮಾತಾಡುವುದು, ಇದರ ಮೇಲೆ ಆಗಲೇ ಒಳ್ಳೆಯ ರಿಸರ್ಚ್ ಇದೆ. ತಂದೆ ತಾಯಿಗೆ ಮಾತ್ರ ತರಬೇತಿ ಕೊಟ್ಟು ಮಗುವಿನ ಆತಂಕ ಇಳಿಸುವ ಚಿಕಿತ್ಸೆಗಳೂ ಇವೆ. ನಿಮ್ಮ ಸೆಕೆಂಡ್‌ಗಳನ್ನು ಅದಕ್ಕೆ ಜೋಡಿಸಿ. ಆಮೇಲೆ ಒಬ್ಬೊಬ್ಬ ಪ್ರೊಫೆಸರ್‌ಗೂ ಬೇರೆ ಪ್ಯಾರಾ: ಅವರ ಯಾವ ಕೆಲಸದ ಪಕ್ಕದಲ್ಲಿ ನಿಮ್ಮ ಪ್ರಶ್ನೆ ಕೂರುತ್ತದೆ ಅಂತ.

ಓದಿ ನನಗೆ ನಿಜಕ್ಕೂ ಸಂತೋಷ ಆಯಿತು.

ಕಡಲತಡಿ · ಅಕ್ಟೋಬರ್ 3

ರೆಕಮೆಂಡೇಷನ್ ಪತ್ರ ಯಾರಿಂದ? ತರಗತಿಯಲ್ಲಿ ಒಳ್ಳೆಯ ಅಂಕ ಕೊಟ್ಟ ದೊಡ್ಡ ಹೆಸರಿನವರಿಗಿಂತ, ನೀವು ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡವರು ಬರೆದರೆ ತೂಕ ಜಾಸ್ತಿ. 'ಪತ್ರ ಬರೆಯುತ್ತೀರಾ' ಅಂತ ಕೇಳಬೇಡಿ, 'ನನ್ನ ಪರವಾಗಿ ಗಟ್ಟಿಯಾಗಿ ಬರೆಯಲು ಆಗುತ್ತದಾ' ಅಂತ ಕೇಳಿ. ಹಿಂಜರಿದರೆ ಧನ್ಯವಾದ ಹೇಳಿ ಬೇರೆಯವರನ್ನು ಹುಡುಕಿ.

ನೀಲಗಿರಿಮರ · ಅಕ್ಟೋಬರ್ 3

ಜಿಆರ್‌ಇ ಪ್ರವೇಶ ಪರೀಕ್ಷೆ ಬರೆಯಬೇಕಾ?

ಹೊಂಗೆನೆರಳು · ಅಕ್ಟೋಬರ್ 4

ತುಂಬಾ ಕಡೆ ಕೇಳುವುದನ್ನೇ ಬಿಟ್ಟಿದ್ದಾರೆ. ಕೆಲವು ಕಡೆ ಕಳಿಸಿದರೂ ನೋಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ಪ್ರೋಗ್ರಾಂನ ಪುಟವನ್ನೂ ತೆಗೆದು ನೋಡಿ. ಬರೆಯಲೇಬೇಕು ಅಂತಾದರೆ, 2023ರ ಸೆಪ್ಟೆಂಬರ್‌ನಿಂದ ಜನರಲ್ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಅಂಕ ಐದು ವರ್ಷ ನಡೆಯುತ್ತದೆ. ಸೈಕಾಲಜಿ ಸಬ್ಜೆಕ್ಟ್ ಪರೀಕ್ಷೆ ಬೇರೆ. ಬೇರೆ ವಿಷಯ ಓದಿ ಸೈಕಾಲಜಿಗೆ ಬರುವವರಿಗೆ ಅದು ಕೆಲವು ಸಲ ಕೆಲಸಕ್ಕೆ ಬರುತ್ತದೆ. ಆ ಹೊತ್ತನ್ನು ಸ್ಟೇಟ್‌ಮೆಂಟ್‌ಗೆ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಕ್ಲಿನಿಕಲ್ ಪಿಎಚ್‌ಡಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್ ಮೊದಲ ಎರಡು ವಾರದಲ್ಲೇ ಬರುತ್ತದೆ.

ಗಡಿಯಾಚೆ · ಅಕ್ಟೋಬರ್ 9

ವೀಸಾದ ಮೇಲೆ ಓದುವವರಿಗೆ ಎರಡು ಮಾತು. ನನಗೆ ಇವು ತಡವಾಗಿ ಗೊತ್ತಾದವು, ನಿಮಗೆ ಹಾಗಾಗಬಾರದು.

ಡಾಕ್ಟರೇಟ್‌ನ ಕೊನೆಗೆ ಒಂದು ವರ್ಷದ ಪೂರ್ಣಾವಧಿ ಇಂಟರ್ನ್‌ಶಿಪ್ ಇರುತ್ತದೆ. ಅದಕ್ಕೆ ಇಡೀ ದೇಶದ ಮಟ್ಟದಲ್ಲಿ ಮ್ಯಾಚ್ (ಜಾಗ ಹಂಚಿಕೆ) ನಡೆಯುತ್ತದೆ. ವಿದ್ಯಾರ್ಥಿಗಳೂ ಆಸ್ಪತ್ರೆಗಳೂ ತಮ್ಮ ತಮ್ಮ ಆಯ್ಕೆಯ ಪಟ್ಟಿ ಕೊಡುತ್ತಾರೆ, ಮೊದಲ ಸುತ್ತಿನ ಫಲಿತಾಂಶ ಫೆಬ್ರವರಿಯಲ್ಲಿ. ಇದರಲ್ಲಿ ವೆಟರನ್ಸ್ ಅಫೇರ್ಸ್ (ಮಾಜಿ ಸೈನಿಕರ) ಆಸ್ಪತ್ರೆಗಳ ಜಾಗಗಳು ತುಂಬಾ ಇವೆ. ಅವು ಅಮೆರಿಕದ ನಾಗರಿಕರಿಗೆ ಮಾತ್ರ. ಎನ್‌ಎಸ್‌ಎಫ್‌ನ (ನ್ಯಾಷನಲ್ ಸೈನ್ಸ್ ಫೌಂಡೇಷನ್) ಗ್ರಾಜುಯೇಟ್ ಫೆಲೋಶಿಪ್ ಕೂಡ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಹಾಗಾಗಿ ಇಂಟರ್‌ವ್ಯೂನಲ್ಲಿ ನೇರವಾಗಿ ಕೇಳಿ: ನಿಮ್ಮಲ್ಲಿ ಓದಿದ ವಿದೇಶಿ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಲ್ಲಿ ಮಾಡಿದರು?

ಎರಡನೆಯದು, ಇಂಟರ್ನ್‌ಶಿಪ್ ವರ್ಷಕ್ಕೆ ಸಿಪಿಟಿಯಾ (ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ) ಒಪಿಟಿಯಾ (ಓದಿಗೆ ಸಂಬಂಧಿಸಿದ ಕೆಲಸಕ್ಕೆ, ಹೆಚ್ಚಾಗಿ ಡಿಗ್ರಿ ಮುಗಿದ ಮೇಲೆ ಬಳಸುವ ಅನುಮತಿ)? ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಆ ಹಂತದ ಒಪಿಟಿ ಕೈತಪ್ಪುತ್ತದೆ. ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಇದು ಚೆನ್ನಾಗಿ ಗೊತ್ತಿದೆಯಾ ಅನ್ನುವುದನ್ನು ಸೇರುವ ಮೊದಲೇ ನೋಡಿಕೊಳ್ಳಿ.

ತುಂಬೆಹೂ · ಜನವರಿ 11

ಮೂರು ಇಂಟರ್‌ವ್ಯೂ ಬಂದಿವೆ! ಮೂವರಲ್ಲಿ ಇಬ್ಬರು ಪ್ರೊಫೆಸರ್‌ಗಳು ಇಮೇಲ್‌ನಲ್ಲೇ ಆ ಎರಡು ಸೆಕೆಂಡ್‌ನ ವಿಷಯ ಎತ್ತಿದ್ದಾರೆ. ನಾನು ಏನು ಕೇಳಬೇಕು ಅಂತ ಹೇಳಿ.

ಗಡಿಯಾಚೆ ಸರ್, ನಾನೂ ವೀಸಾದ ಮೇಲೇ ಇರುವವಳು. ನಿಮ್ಮ ಮಾತು ಬರೆದಿಟ್ಟುಕೊಂಡಿದ್ದೇನೆ.

ಕಡಲತಡಿ · ಜನವರಿ 11

'ಗೈಡ್ ಹೇಗೆ' ಅಂತ ಕೇಳಿದರೆ ಎಲ್ಲರೂ 'ತುಂಬಾ ಒಳ್ಳೆಯವರು' ಅನ್ನುತ್ತಾರೆ. ಲೆಕ್ಕ ಸಿಗುವಂಥದ್ದು ಕೇಳಿ. ಕೊನೆಯ ಸಲ ಡ್ರಾಫ್ಟ್ ಕೊಟ್ಟಾಗ ಎಷ್ಟು ದಿನಕ್ಕೆ ವಾಪಸ್ ಬಂತು? ವಾರಕ್ಕೆ ಎಷ್ಟು ಹೊತ್ತು ಗೈಡ್ ಜೊತೆ ನೀವೊಬ್ಬರೇ ಕೂತು ಮಾತಾಡುತ್ತೀರಿ? ಬೇಸಿಗೆಯಲ್ಲಿ ಸ್ಟೈಪೆಂಡ್ ಬರುತ್ತದಾ? ಈ ಲ್ಯಾಬ್ ಬಿಟ್ಟವರು ಯಾರಾದರೂ ಇದ್ದಾರಾ, ಅವರ ಜೊತೆ ಮಾತಾಡಬಹುದಾ? ಪ್ರೊಫೆಸರ್ ಇಲ್ಲದ ಹೊತ್ತಲ್ಲಿ, ಲ್ಯಾಬ್‌ನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನೇ ಕೇಳಿ.

ತುಂಬೆಹೂ · ಮಾರ್ಚ್ 14

ಎರಡು ಕಡೆ ಸೀಟ್ ಸಿಕ್ಕಿದೆ. ನಿದ್ದೆ ಬರುತ್ತಿಲ್ಲ.

ಮೊದಲನೆಯದು ತುಂಬಾ ದೊಡ್ಡ ಹೆಸರು. ಪ್ರೊಫೆಸರ್ ಪೇಪರ್‌ಗಳನ್ನು ಓದಿಯೇ ನಾನು ಈ ಕ್ಷೇತ್ರಕ್ಕೆ ಬಂದಿದ್ದು. ಲ್ಯಾಬ್‌ನಲ್ಲಿ 9 ವಿದ್ಯಾರ್ಥಿಗಳು. ಸ್ಟೈಪೆಂಡ್ ವರ್ಷಕ್ಕೆ 9 ತಿಂಗಳು, ಬೇಸಿಗೆಯದು ನಾವೇ ನೋಡಿಕೊಳ್ಳಬೇಕು. ಡ್ರಾಫ್ಟ್ ಪ್ರಶ್ನೆ ಕೇಳಿದೆ. ಒಬ್ಬಳು 'ಎರಡೂವರೆ ತಿಂಗಳು' ಅಂದಳು. ಇನ್ನೊಬ್ಬ 'ನಮ್ಮ ಡ್ರಾಫ್ಟ್ ಪೋಸ್ಟ್‌ಡಾಕ್ ನೋಡುತ್ತಾರೆ' ಅಂದ, ಅಂದರೆ ಪಿಎಚ್‌ಡಿ ಮುಗಿಸಿ ಅದೇ ಲ್ಯಾಬ್‌ನಲ್ಲಿ ರಿಸರ್ಚ್ ಮಾಡುವವರು.

ಎರಡನೆಯದರ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ. 4 ವಿದ್ಯಾರ್ಥಿಗಳು. ಐದು ವರ್ಷ, ವರ್ಷಕ್ಕೆ 12 ತಿಂಗಳೂ ಸ್ಟೈಪೆಂಡ್ ಅಂತ ಪತ್ರದಲ್ಲೇ ಬರೆದಿದ್ದಾರೆ. ವಿಭಾಗದೊಳಗೇ ಮಕ್ಕಳ ಆತಂಕದ ಕ್ಲಿನಿಕ್ ಇದೆ, ಎರಡನೇ ವರ್ಷದಿಂದ ಅಲ್ಲಿ ಕೆಲಸ. ಡ್ರಾಫ್ಟ್ ಪ್ರಶ್ನೆಗೆ ಮೂರನೇ ವರ್ಷದ ಹುಡುಗಿ ಲ್ಯಾಪ್‌ಟಾಪ್ ತೆರೆದು ತೋರಿಸಿಯೇ ಬಿಟ್ಟಳು. ಒಂಬತ್ತು ದಿನ. ಪಕ್ಕದ ಅಂಚಿನ ತುಂಬಾ ಟಿಪ್ಪಣಿ. ಒಂದು ಕಡೆ ಗೈಡ್ ಬರೆದಿದ್ದರು: 'ಈ ವಾಕ್ಯ ನೀನು ನಂಬಿ ಬರೆದಿದ್ದೋ, ನನ್ನ ಪೇಪರ್ ನೋಡಿ ಬರೆದಿದ್ದೋ?'

ಇಬ್ಬನಿ · ಮಾರ್ಚ್ 14

ನಾನು ಮೊದಲನೆಯದರ ಪರ. ಮುಂದೆ ಪ್ರೊಫೆಸರ್ ಕೆಲಸಕ್ಕೆ ಅರ್ಜಿ ಹಾಕುವಾಗ ಎಲ್ಲಿಂದ ಬಂದಿರಿ, ಯಾರ ಹತ್ತಿರ ಕಲಿತಿರಿ ಅನ್ನುವುದನ್ನು ಜನ ನೋಡೇ ನೋಡುತ್ತಾರೆ. ನಾನು ಎರಡು ವರ್ಷ ಆ ಬಾಗಿಲು ತಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಪೋಸ್ಟ್‌ಡಾಕ್ ಚೆನ್ನಾಗಿ ಕಲಿಸಿದರೆ ಅದೂ ಕಲಿಕೆಯೇ ಅಲ್ವಾ?

ಹೊಂಗೆನೆರಳು · ಮಾರ್ಚ್ 15

ಇಬ್ಬನಿ ಹೇಳಿದ್ದು ನಿಜ, ರಿಸರ್ಚ್ ಪ್ರೊಫೆಸರ್ ಆಗುವ ಗುರಿ ಒಂದೇ ಇದ್ದರೆ. ಆದರೆ ತುಂಬೆಹೂ, ನೀವು ಆಗಸ್ಟ್‌ನಲ್ಲಿ ಅರ್ಧ ಅರ್ಧ ಅಂದಿದ್ದಿರಿ. ಅದು ಬದಲಾಗಿದೆಯಾ? ಎರಡೂ ಕಡೆಯ ಆ ಅಂಕಿಗಳ ಪುಟ ಪಕ್ಕ ಪಕ್ಕ ಇಟ್ಟು ನೋಡಿದಿರಾ? ಎರಡನೇ ಪ್ರೊಫೆಸರ್ ಇನ್ನು ಐದು ವರ್ಷ ಅಲ್ಲೇ ಇರುತ್ತಾರಾ ಅಂತಲೂ ಕೇಳಿ. ಅದು ಕೇಳಬಾರದ ಪ್ರಶ್ನೆ ಅಲ್ಲ. ಗೈಡ್ ನಡುವೆ ಬೇರೆ ಯೂನಿವರ್ಸಿಟಿಗೆ ಹೋದರೆ ಪೆಟ್ಟು ಬೀಳುವುದು ವಿದ್ಯಾರ್ಥಿಗೆ.

ಅವಸರ ಬೇಡ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ಯೂನಿವರ್ಸಿಟಿಗಳು ಸ್ಟೈಪೆಂಡ್ ಜೊತೆಗಿನ ಸೀಟಿಗೆ ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡು ಅಂತ ಒತ್ತಾಯ ಮಾಡುವ ಹಾಗಿಲ್ಲ. ಆದರೆ ಮನಸ್ಸು ಗಟ್ಟಿಯಾದ ದಿನವೇ ಬೇಡವಾದ ಕಡೆಗೆ ತಿಳಿಸಿ. ಆ ಸೀಟಿಗೆ ವೇಟ್‌ಲಿಸ್ಟ್‌ನಲ್ಲಿ ಒಬ್ಬರು ಕಾಯುತ್ತಿರುತ್ತಾರೆ.

ತುಂಬೆಹೂ · ಮಾರ್ಚ್ 29

ಪಕ್ಕ ಪಕ್ಕ ಇಟ್ಟು ನೋಡಿದೆ. ಇಂಟರ್ನ್‌ಶಿಪ್ ಸಿಕ್ಕವರ ಸಂಖ್ಯೆ ಎರಡೂ ಕಡೆ ಚೆನ್ನಾಗಿದೆ. ಮುಗಿಸಲು ಮೊದಲನೆಯದರಲ್ಲಿ ಸರಾಸರಿ ಏಳು ವರ್ಷದ ಹತ್ತಿರ, ಎರಡನೆಯದರಲ್ಲಿ ಆರಕ್ಕೂ ಕಡಿಮೆ. ಎರಡನೇ ಪ್ರೊಫೆಸರ್‌ಗೆ ಫೋನ್ ಮಾಡಿ ಕೇಳಿಯೇ ಬಿಟ್ಟೆ. 'ಬೇರೆ ಕಡೆ ಅರ್ಜಿ ಹಾಕಿಲ್ಲ, ಹಾಕುವ ಯೋಚನೆಯೂ ಇಲ್ಲ. ಹಾಗೇನಾದರೂ ಆದರೆ ನಿನಗೆ ಮೊದಲು ಹೇಳುತ್ತೇನೆ' ಅಂದರು. ಅವರಲ್ಲಿ ಓದಿದ ವಿದೇಶಿ ವಿದ್ಯಾರ್ಥಿ ಇಂಟರ್ನ್‌ಶಿಪ್ ಮಾಡಿದ ಮಕ್ಕಳ ಆಸ್ಪತ್ರೆಯ ವಿವರವನ್ನೂ ಕೊಟ್ಟರು.

ಇವತ್ತು ಬೆಳಿಗ್ಗೆ ಎರಡನೆಯದಕ್ಕೆ ಒಪ್ಪಿಗೆ ಕಳಿಸಿದೆ. ಮೊದಲನೆಯವರಿಗೆ ಬೇಡ ಅಂತ ಬರೆಯಲು ಇಡೀ ಮಧ್ಯಾಹ್ನ ಬೇಕಾಯಿತು. ನಿಮ್ಮ ಪೇಪರ್‌ಗಳಿಂದಲೇ ಈ ಕಡೆ ಬಂದೆ ಅಂತಲೂ ಬರೆದೆ. ಕಳಿಸಿ ಅತ್ತೆ. ಈಗ ಹಗುರಾಗಿದೆ.

ಇಬ್ಬನಿ · ಮಾರ್ಚ್ 29

ನಾನಾಗಿದ್ದರೆ ಮೊದಲನೆಯದನ್ನೇ ಆರಿಸುತ್ತಿದ್ದೆ, ಈಗಲೂ. ಆದರೆ ನೀವು ಕೇಳಬೇಕಾದ್ದನ್ನೆಲ್ಲ ಕೇಳಿ ಆರಿಸಿದ್ದೀರಿ. ತುಂಬಾ ಖುಷಿಯಾಯಿತು, ಅಭಿನಂದನೆ.

ನೀಲಗಿರಿಮರ · ಏಪ್ರಿಲ್ 2

ತುಂಬೆಹೂ ಅಕ್ಕ, ಅಭಿನಂದನೆ. ನಾನು ಒಂದು ಕಡೆ ವೇಟ್‌ಲಿಸ್ಟ್‌ನಲ್ಲಿದ್ದೇನೆ. ಪ್ರೊಫೆಸರ್‌ಗೆ ಬರೆಯಬಹುದಾ, ಇಲ್ಲಾ ಸುಮ್ನೆ ಕಾಯಬೇಕಾ?

ತುಂಬೆಹೂ · ಏಪ್ರಿಲ್ 2

ಬರೆಯಿರಿ. ನಾಲ್ಕೇ ಸಾಲು. ಸೀಟ್ ಕೊಟ್ಟರೆ ಖಂಡಿತ ಬರುತ್ತೇನೆ ಅಂತ, ಅದು ನಿಜ ಇದ್ದರೆ ಮಾತ್ರ. ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನಾದರೂ ಮಾಡಿದ್ದರೆ ಅದನ್ನೂ ಸೇರಿಸಿ. 15ರ ಹತ್ತಿರದಲ್ಲಿ ಫೋನ್ ಕೈಯಲ್ಲೇ ಇರಲಿ, ಹೆಚ್ಚಿನ ಸೀಟ್‌ಗಳು ಖಾಲಿಯಾಗುವುದು ಆ ಎರಡು ಮೂರು ದಿನದಲ್ಲೇ. ಬರೆದ ಮೇಲೆ ಇಲ್ಲಿ ಹಾಕಿ, ಕಳಿಸುವ ಮೊದಲು ನಾನು ಓದುತ್ತೇನೆ.